ಐದು ದೇಶ ಬೇಡ ತಂಗೀ, ಎರಡು ಸಾಕು

ಪ್ರಶ್ನೆ: ನಮ್ಮದು ಅಥಣಿ ತಾಲ್ಲೂಕಿನ ಹಳ್ಳಿ, ಕಬ್ಬಿನ ಮನೆತನ. ನನಗೆ ಮೂವತ್ತು ವರ್ಷ. ಚಿಕ್ಕೋಡಿಯ ಒಂದು ಸೌಹಾರ್ದ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಿಪ್ಪಾಣಿಯ ಗೆಳತಿಯೊಬ್ಬಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಒಮ್ಮೆಯಾದರೂ ನಮ್ಮಷ್ಟಕ್ಕೆ ನಾವೇ ಹೊರದೇಶ ನೋಡಿ ಬರಬೇಕೆಂದು ಇಬ್ಬರೂ ಕಾಲೇಜಿನಿಂದಲೂ ಅಂದುಕೊಂಡಿದ್ದೇವೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಸಿಂಗಪುರ ಐದನ್ನೂ 16 ದಿನಗಳಲ್ಲಿ ಮುಗಿಸುವ ಆಸೆ. ಒಬ್ಬೊಬ್ಬರ ಹತ್ತಿರ ₹1,20,000 ಉಳಿತಾಯ ಇದೆ. ಇಬ್ಬರೂ ಶಾಕಾಹಾರಿಗಳು, ಅವಳು ಜೈನರ ಮನೆಯವಳು. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಹಿಂಜರಿಕೆ. ಅವಳಿಗೆ ಪಾಸ್‌ಪೋರ್ಟೂ ಇಲ್ಲ.

ನಮ್ಮಪ್ಪಾರು, “ಕೊಲ್ಲಾಪುರದ ಏಜೆಂಟರ ಪ್ಯಾಕೇಜಿನ್ಯಾಗ ಹೋಗೂದಾದ್ರ ಹೋಗ್ರಿ, ಇಲ್ಲಾಂದ್ರ ಮದುವಿ ಆದಮ್ಯಾಲ ಗಂಡನ ಜೋಡಿ ಹೋಗು. ಕಾಂಬೋಡಿಯಾದಾಗ ನಮ್ಮ ಹುಡುಗೂರ್ನ ಕೂಡಿಹಾಕಿದ್ದು ಟಿ.ವಿ.ಯೊಳಗ ನೋಡಿಲ್ಲೇನು?” ಅನ್ನುತ್ತಾರೆ. ಪ್ರತಿ ಆಷಾಢದಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವ ಮನುಷ್ಯ ಅವರು, ನಾನು ಹೋಗುತ್ತೇನೆ ಅಂದರೆ ಮಾತ್ರ ಮಾತು ನಿಲ್ಲಿಸುತ್ತಾರೆ. ಹಣ ಸಾಲದಿದ್ದರೆ ನಮ್ಮ ಸಂಘದಲ್ಲೇ ಬಂಗಾರದ ಮೇಲೆ ಸಾಲ ತೆಗೆಯಬಹುದೇ? ಇದು ಆಗುವ ಮಾತೇ, ಇಲ್ಲ ನಮ್ಮದು ಬರೀ ಹುಚ್ಚೇ?
— ಹೆಸರು ಬೇಡ

ಉತ್ತರ: ತಂಗೀ, ಆಗುವ ಮಾತು. ಹುಚ್ಚೇನೂ ಅಲ್ಲ. ಆದರೆ ನೀವು ಹಾಕಿರುವ ಲೆಕ್ಕದಲ್ಲಿ ಆಗುವುದಿಲ್ಲ. ಬಂಗಾರ ಅಡ ಇಟ್ಟು ಹೋಗುವ ಪ್ರಯಾಣವಂತೂ ಖಂಡಿತ ಬೇಡ. ಸಾಲ ಕೊಡುವ ಮೇಜಿನ ಆಚೆ ಕೂರುವವರು ನೀವು, ಬಡ್ಡಿ ಹೇಗೆ ಬೆಳೆಯುತ್ತದೆಂದು ನಾನು ಹೇಳಬೇಕಾಗಿಲ್ಲ. ಕಬ್ಬಿನ ಬಿಲ್ಲು ಬಂದ ಮೇಲೆ ತೀರಿಸುತ್ತೇನೆ ಎಂಬ ಧೈರ್ಯವೂ ಬೇಡ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಿಲ್ಲು ಯಾವಾಗ ಬರುತ್ತದೆಂಬುದು ನಿಮ್ಮ ಮನೆಯವರಿಗೇ ಗೊತ್ತು. 2025ರ ನವೆಂಬರಿನಲ್ಲಿ ದರಕ್ಕಾಗಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಳಿತದ್ದನ್ನು ನೀವೂ ಕಂಡಿದ್ದೀರಿ. ಕೈಯಲ್ಲಿರುವ ₹1,20,000 ಒಳಗೇ ಹೋಗಿ ಬನ್ನಿ. ಸಾಕಾಗುತ್ತದೆ. ಕಡಿಮೆ ಮಾಡಬೇಕಾದದ್ದು ದೇಶಗಳನ್ನು.

ಊಟ, ವಸತಿಯಲ್ಲಿ ಉಳಿಸಿದರೆ ಐದು ದೇಶ ನೋಡಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಆ ಭಾಗದಲ್ಲಿ ಊಟ, ವಸತಿ ಎರಡೂ ಅಗ್ಗವೇ. ಹಣ ಕರಗುವುದು ಗಡಿಗಳಲ್ಲಿ. ಒಂದೊಂದು ದೇಶ ಸೇರಿಸಿದಾಗಲೂ ಹೆಚ್ಚಿನ ಕಡೆ ಒಂದು ವೀಸಾ, ಒಂದು ಟಿಕೆಟ್, ಹೊಸ ಸಿಮ್, ಹಣ ಬದಲಿಸುವಾಗ ಹೋಗುವ ಕಮಿಷನ್ನು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಇಡೀ ದಿನ ಹೋಗುತ್ತದೆ. ಐದು ದೇಶವೆಂದರೆ ನಿಮ್ಮ 16 ದಿನಗಳಲ್ಲಿ ಆರು ದಿನ ವಿಮಾನ ನಿಲ್ದಾಣ, ಬಸ್ ನಿಲ್ದಾಣಗಳಲ್ಲೇ ಕಳೆಯುತ್ತವೆ. ಸಿಂಗಪುರದ ವೀಸಾವನ್ನು ಭಾರತೀಯರು ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕವೇ ಪಡೆಯಬೇಕು, ಅಲ್ಲಿಯ ಒಂದು ರಾತ್ರಿಯ ಕೋಣೆಯ ಬಾಡಿಗೆಯಲ್ಲಿ ವಿಯೆಟ್ನಾಂನಲ್ಲಿ ನಾಲ್ಕು ರಾತ್ರಿ ಕಳೆಯಬಹುದು. ಅದನ್ನು ಮೊದಲು ಹೊಡೆದುಹಾಕಿ. ಲಾವೋಸ್ ಚೆಂದದ ದೇಶ, ಆದರೆ ಅವಸರದವರಿಗೆ ಅಲ್ಲ. ಇನ್ನೊಮ್ಮೆ ಹೋಗಬಹುದು.

ಥಾಯ್ಲೆಂಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕಾಕಿಗೆ ಇಳಿದು ಅಲ್ಲಿಂದ ಬಸ್ಸಿನಲ್ಲಿ ಪೊಯ್‌ಪೆಟ್ ನಾಕಾ ದಾಟಿ ಕಾಂಬೋಡಿಯಾಕ್ಕೆ ಹೋಗುವುದು ಹಲವು ವರ್ಷಗಳಿಂದ ಅಗ್ಗದ ಪ್ರವಾಸಿಗರ ರಾಜಮಾರ್ಗವಾಗಿತ್ತು. ಹಳೆಯ ಪುಸ್ತಕ, ಹಳೆಯ ವಿಡಿಯೊಗಳೆಲ್ಲ ಈಗಲೂ ಅದನ್ನೇ ಹೇಳುತ್ತವೆ. ಆದರೆ 2025ರಲ್ಲಿ ಆ ಎರಡು ದೇಶಗಳ ನಡುವೆ ಗಡಿ ಜಗಳ ಹತ್ತಿಕೊಂಡು, ಜುಲೈನಲ್ಲಿ ಗುಂಡಿನ ಕಾಳಗವೇ ನಡೆಯಿತು, ಭೂಮಾರ್ಗದ ನಾಕಾಗಳು ಮುಚ್ಚಿದವು, ಡಿಸೆಂಬರಿನಲ್ಲಿ ಮತ್ತೆ ಕಾಳಗವಾಯಿತು. 2021ರಲ್ಲಿ ಕೊಗನೊಳ್ಳಿ ನಾಕಾದಲ್ಲಿ ಕೋವಿಡ್ ವರದಿ ಕೇಳಿ ಗಾಡಿಗಳನ್ನು ತಿರುಗಿಸಿ ಕಳಿಸುತ್ತಿದ್ದದ್ದನ್ನು ನಿಪ್ಪಾಣಿಯ ನಿಮ್ಮ ಗೆಳತಿ ಮರೆತಿರಲಾರಳು. ಒಂದೇ ದೇಶದೊಳಗಿನ ಗಡಿಯೇ ಹಾಗಾದರೆ, ಎರಡು ದೇಶಗಳ ನಡುವಿನದು ಯಾವತ್ತೂ ತೆರೆದಿರುತ್ತದೆ ಎಂದು ನಂಬಿ ಯೋಜನೆ ಹಾಕಬಾರದು. ಆದ್ದರಿಂದ ಥಾಯ್ಲೆಂಡ್ ಕೂಡ ಈ ಸಲ ಬೇಡ.

ಉಳಿದದ್ದು ವಿಯೆಟ್ನಾಂ ಮತ್ತು ಕಾಂಬೋಡಿಯಾ. ಇವೆರಡನ್ನೂ ಒಂದೇ ದಾರಿಯಲ್ಲಿ, ಹಿಂದೆ ತಿರುಗದೆ ನೋಡಿ ಬರಬಹುದು. ಮುಂಬೈಯಿಂದ ಹನೋಯಿಗೆ ನೇರ ವಿಮಾನವಿದೆ. ಅಲ್ಲಿ ಮೂರು ರಾತ್ರಿ ಇದ್ದು, ನಾಲ್ಕನೆಯ ರಾತ್ರಿ ದಕ್ಷಿಣಕ್ಕೆ ಹೋಗುವ ರೈಲು ಹತ್ತಿ. ಹನೋಯಿಯಿಂದ ಹೋ ಚಿ ಮಿನ್ಹ್ ನಗರದವರೆಗೆ 1,726 ಕಿಲೋಮೀಟರ್ ಉದ್ದದ ಹಳಿ ಅದು. ನೀವು ನಡುವೆ ದನಾಂಗ್‌ನಲ್ಲಿ ಇಳಿಯಿರಿ. ಮಲಗಿಕೊಂಡೇ ಹೋಗುವುದರಿಂದ ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ. ಹತ್ತಿರದ ಹೊಯಿ ಆನ್ ಊರಿನಲ್ಲಿ ಮೂರು ರಾತ್ರಿ ಉಳಿದು ಒಂದು ಬೆಳಿಗ್ಗೆ ಮಿ ಸೊನ್ ನೋಡಿ. ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳ ಕಣಿವೆ ಅದು. 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಹೊರಬಂತು. ಅಥಣಿಯ ಗಚ್ಚಿನ ಮಠದ ನೆರಳಿನಲ್ಲಿ ಬೆಳೆದವರಿಗೆ ಆ ಜಾಗದಲ್ಲಿ ನಿಂತಾಗ ಪರದೇಶ ಅನ್ನಿಸಲಿಕ್ಕಿಲ್ಲ.

ಅಲ್ಲಿಂದ ಹೋ ಚಿ ಮಿನ್ಹ್ ನಗರಕ್ಕೆ ವಿಮಾನವೋ ರೈಲೋ, ಎರಡು ರಾತ್ರಿ. ಆಮೇಲೆ ಬಸ್ಸಿನಲ್ಲಿ ಮೊಕ್ ಬಾಯ್–ಬಾವೆಟ್ ನಾಕಾ ದಾಟಿ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ. ಅಲ್ಲಿ ಒಂದು ರಾತ್ರಿ ಸಾಕು. ಕೊನೆಯ ನಾಲ್ಕು ರಾತ್ರಿಗಳನ್ನು ಸಿಯೆಮ್ ರೀಪ್‌ಗೆ, ಅಂದರೆ ಅಂಗ್‌ಕೋರಿಗೆ ಇಟ್ಟುಕೊಳ್ಳಿ. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಅಂಗ್‌ಕೋರ್ ವಾಟ್ ಒಂದನ್ನೇ ನೋಡಿ ಓಡಿಬರುವವರ ಬಗ್ಗೆ ನನಗೆ ಮರುಕವಾಗುತ್ತದೆ. ಸುತ್ತ ಹತ್ತಾರು ಗುಡಿಗಳಿವೆ. ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62. ಮೂರು ದಿನದ್ದನ್ನೇ ಕೊಳ್ಳಿ. ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ. ಹಿಂದಿರುಗುವ ಟಿಕೆಟನ್ನು ಸಿಯೆಮ್ ರೀಪ್‌ನಿಂದಲೇ ತೆಗೆಯಿರಿ, ನಡುವೆ ಬ್ಯಾಂಕಾಕ್ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಾಗುತ್ತದೆ. ಇಡೀ ಮರಳು ಪ್ರಯಾಣ ಒಂದೇ ಬುಕಿಂಗಿನಲ್ಲಿರಲಿ. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಆ ಹಣ ನಿಮ್ಮದೇ ನಷ್ಟ. ಸಿಯೆಮ್ ರೀಪ್‌ನ ವಿಮಾನ ನಿಲ್ದಾಣ 2023ರಲ್ಲಿ ಊರಿನಿಂದ ಬಹಳ ದೂರಕ್ಕೆ ಹೋಗಿದೆ, ಹಳೆಯ ಲೆಕ್ಕದಲ್ಲಿ ಅರ್ಧ ಗಂಟೆ ಮೊದಲು ಹೊರಟರೆ ವಿಮಾನ ಸಿಗುವುದಿಲ್ಲ.

ವೀಸಾದಲ್ಲಿ ಒಂದು ಬಿಕ್ಕಟ್ಟಿದೆ, ಗಮನವಿಟ್ಟು ಕೇಳಿ. ವಿಯೆಟ್ನಾಂ ಸರ್ಕಾರದ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ವಿಯೆಟ್ನಾಂ ಮುಗಿಸಿಯೇ ಕಾಂಬೋಡಿಯಾಕ್ಕೆ ಹೋಗುವುದಾದರೆ 25ರದ್ದು ಸಾಕು. ಆದರೆ ಒಂದು ಸಲದ ವೀಸಾ ಇಟ್ಟುಕೊಂಡು, ಅಂಗ್‌ಕೋರ್ ನೋಡಿ ಮತ್ತೆ ಹೋ ಚಿ ಮಿನ್ಹ್‌ಗೆ ಬಂದು ವಿಮಾನ ಹತ್ತೋಣ ಎಂದರೆ ನಾಕಾದಲ್ಲೇ ತಡೆಯುತ್ತಾರೆ. ಕಾಂಬೋಡಿಯಾದ ಪ್ರವಾಸಿ ಇ-ವೀಸಾ 30 ಡಾಲರ್. ಎರಡನ್ನೂ ಆಯಾ ಸರ್ಕಾರದ ಸ್ವಂತ ತಾಣದಲ್ಲೇ ಮಾಡಿ. ಅದೇ ರೀತಿ ಕಾಣುವಂತೆ ತಾಣ ಮಾಡಿಕೊಂಡು ಎರಡರಷ್ಟು, ಮೂರರಷ್ಟು ಕೀಳುವವರಿದ್ದಾರೆ. ಶುಲ್ಕ, ನಿಯಮ ಬದಲಾಗುತ್ತಿರುತ್ತವೆ, ಹಣ ಕಟ್ಟುವ ದಿನ ಮತ್ತೊಮ್ಮೆ ನೋಡಿ.

ಈಗ ಲೆಕ್ಕ. ನೀವು ಲೆಕ್ಕದವರೇ, ತಿದ್ದಿಕೊಳ್ಳಿ. ಡಾಲರಿಗೆ ₹90 ಹಿಡಿದಿದ್ದೇನೆ, ಉಳಿದದ್ದು ನನ್ನ ಅಂದಾಜು. ಎರಡು ಮೂರು ತಿಂಗಳು ಮೊದಲೇ ತೆಗೆದರೆ ಹೋಗಿ ಬರುವ ವಿಮಾನಕ್ಕೆ ₹38,000. ಇಬ್ಬರೂ ಒಂದೇ ಕೋಣೆಯಲ್ಲಿರುವುದರಿಂದ ತಲೆಗೆ ರಾತ್ರಿಗೆ ₹900ರಂತೆ, ರೈಲಿನ ರಾತ್ರಿ ಬಿಟ್ಟು 13 ರಾತ್ರಿಗೆ ₹11,700. ಊಟ, ತಿಂಡಿ, ನೀರಿಗೆ ದಿನಕ್ಕೆ ₹900 ಅಂದರೆ ₹13,500. ಒಳಗಿನ ರೈಲು, ಬಸ್ಸು, ಒಂದು ಸಣ್ಣ ವಿಮಾನಕ್ಕೆ ₹11,000. ಎರಡು ವೀಸಾ ಸೇರಿ ₹5,000ದ ಆಸುಪಾಸು, ಅಂಗ್‌ಕೋರ್ ಪಾಸು ₹5,600ರಷ್ಟು. ಬೇರೆ ಪ್ರವೇಶ ಶುಲ್ಕ, ಟುಕ್‌ಟುಕ್, ಸಿಮ್, ವಿಮೆ, ಊರಿನಿಂದ ಮುಂಬೈಗೆ ಹೋಗಿಬರುವ ಖರ್ಚು ಎಲ್ಲ ಸೇರಿ ₹13,500. ಒಟ್ಟು ₹1,00,000ಕ್ಕಿಂತ ಚೂರು ಕಡಿಮೆ. ಉಳಿದ ₹20,000 ಮುಟ್ಟಬೇಡಿ. ಅದು ಕಾಯಿಲೆಗೆ, ತಪ್ಪಿದ ಬಸ್ಸಿಗೆ, ಒಂದು ರಾತ್ರಿ ಹೆದರಿಕೆಯಾದರೆ ಒಳ್ಳೆಯ ಹೋಟೆಲಿಗೆ ಹೋಗಲಿಕ್ಕೆ ಇರುವ ಹಣ. ಪ್ರವಾಸ ವಿಮೆಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ.

ಹಣವನ್ನು ಅರ್ಧ ಫಾರೆಕ್ಸ್ ಕಾರ್ಡಿನಲ್ಲಿ, ಅರ್ಧ ಡಾಲರ್ ನೋಟುಗಳಲ್ಲಿ ಒಯ್ಯಿರಿ. ಸಹಕಾರಿ ಸಂಘದಲ್ಲಿ ಇದು ಸಿಗುವುದಿಲ್ಲ, ಬೆಳಗಾವಿ ಅಥವಾ ಕೊಲ್ಲಾಪುರದಲ್ಲಿ ವಿದೇಶಿ ವಿನಿಮಯದ ಪರವಾನಗಿ ಇರುವ ಬ್ಯಾಂಕಿಗೆ ಪಾನ್ ಕಾರ್ಡ್, ಪಾಸ್‌ಪೋರ್ಟ್, ಟಿಕೆಟ್ ಹಿಡಿದುಕೊಂಡು ಹೋಗಿ. ಕಾಂಬೋಡಿಯಾದಲ್ಲಿ ಡಾಲರೇ ಓಡುತ್ತದೆ, ಆದರೆ ಅಂಚು ಹರಿದ, ಗೀಚಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ಕೌಂಟರಿನಲ್ಲೇ ಒಂದೊಂದಾಗಿ ನೋಡಿ ತೆಗೆದುಕೊಳ್ಳಿ.

ಯಾವಾಗ ಹೋಗಬೇಕು ಎಂದು ನೀವು ಕೇಳಲಿಲ್ಲ. ಅದನ್ನೇ ಮೊದಲು ಕೇಳಬೇಕಿತ್ತು. ವಿಯೆಟ್ನಾಂ ಉದ್ದನೆಯ ದೇಶ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಡುಭಾಗದಲ್ಲಿ ಭಾರೀ ಮಳೆ, ಹೊಯಿ ಆನ್ ಬೀದಿಗಳಲ್ಲಿ ನೀರು ನಿಲ್ಲುತ್ತದೆ. ಏಪ್ರಿಲಿನಲ್ಲಿ ಕಾಂಬೋಡಿಯಾದ ಬಿಸಿಲು ನಮ್ಮ ರಾಯಬಾಗದ ಬಿಸಿಲಿಗಿಂತ ಕಡಿಮೆಯಿಲ್ಲ, ಜೊತೆಗೆ ತಿಂಗಳ ನಡುವೆ ಅವರ ಹೊಸ ವರ್ಷ, ಅಂಗಡಿ ಮುಚ್ಚಿರುತ್ತವೆ. ಮಳೆಗಾಲದಲ್ಲಿ ಟಿಕೆಟ್ ಅಗ್ಗ ನಿಜ. ಆದರೆ 2019, 2021ರಂತೆ ಕೃಷ್ಣೆ ಉಕ್ಕಿ ಹೊಲ, ಮನೆ ಮುಳುಗುವ ಹೊತ್ತಿನಲ್ಲಿ ನೀವು ಅಲ್ಲಿದ್ದು ಜೀವ ಇಲ್ಲಿಟ್ಟುಕೊಂಡು ಕೂರುವುದು ಬೇಡ. ವಿಯೆಟ್ನಾಮಿಗರ ಹೊಸ ವರ್ಷ ಟೆಟ್ ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದ ನಡುವೆ ಬರುತ್ತದೆ, ಆಗ ರೈಲಿನಲ್ಲಿ ಸೀಟು ಸಿಗುವುದಿಲ್ಲ. ಮಾರ್ಚ್ ಕೊನೆಗೆ ನಿಮ್ಮ ಸಂಘದ ವರ್ಷದ ಲೆಕ್ಕ, ಆಗ ರಜೆ ಕೇಳಿದರೆ ಮ್ಯಾನೇಜರರ ಮುಖ ಹೇಗಾಗುತ್ತದೆಂದು ನಿಮಗೇ ಗೊತ್ತು. ಹೀಗಾಗಿ ಟೆಟ್ ಮುಗಿದ ವಾರದ ನಂತರ ಹೊರಟು ಮಾರ್ಚ್ ಎರಡನೇ ವಾರದೊಳಗೆ ಮನೆ ಸೇರುವಂತೆ ದಿನ ಗೊತ್ತು ಮಾಡಿ. ಮಿರಜಿನಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗಾಗುವಾಗ ಮುಂಬೈ. ಅದೇ ದಿನದ ವಿಮಾನ ಇಟ್ಟುಕೊಳ್ಳಬೇಡಿ ಎಂದು ಹೇಳುವುದಿಲ್ಲ, ಆದರೆ ರಾತ್ರಿಯ ವಿಮಾನವೇ ಆಗಿರಲಿ. ರೈಲು ನಾಲ್ಕು ತಾಸು ತಡವಾದರೂ ಎದೆ ಒಡೆಯುವುದಿಲ್ಲ.

ಊಟದ ಚಿಂತೆ ನೀವು ಅಂದುಕೊಂಡಷ್ಟಿಲ್ಲ. ವಿಯೆಟ್ನಾಂನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಬಹಳ ಜನ ಬೌದ್ಧರು ಮಾಂಸ ಬಿಡುತ್ತಾರೆ, ಅವರಿಗಾಗಿಯೇ ಶಾಕಾಹಾರಿ ಖಾನಾವಳಿಗಳು ಪ್ರತಿ ಊರಿನಲ್ಲಿವೆ. ಬೋರ್ಡಿನಲ್ಲಿ ‘ಚಾಯ್’ ಎಂದು ಬರೆದಿರುತ್ತದೆ. ಆ ಅಕ್ಷರ ಫೋನಿನಲ್ಲಿ ಚಿತ್ರ ಮಾಡಿ ಇಟ್ಟುಕೊಂಡು ತೋರಿಸಿ. ಬೇರೆ ಹೋಟೆಲಿನಲ್ಲಿ “ಬರೀ ತರಕಾರಿ” ಅಂದರೂ ಮೀನಿನ ಸಾರು ಬಿದ್ದಿರುತ್ತದೆ. ಸಂಪ್ರದಾಯದ ಬೌದ್ಧ ಅಡುಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ, ನಿಮ್ಮ ಗೆಳತಿಗೆ ಇದು ಅನುಕೂಲ, ಆದರೂ ಕೇಳಿಯೇ ತಿನ್ನಲಿ. ಕಾಂಬೋಡಿಯಾದಲ್ಲಿ ಆಯ್ಕೆ ಕಡಿಮೆ. ಅದಕ್ಕೇ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಳ್ಳಿ. ಎಣ್ಣೆಯ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅಗ್ಗದ ವಿಮಾನಗಳಲ್ಲಿ ಕೈಚೀಲ 7 ಕಿಲೋ ಮೀರಿದರೆ ದಂಡ, ಮನೆಯಲ್ಲೇ ತೂಗಿ.

ಇಂಗ್ಲಿಷಿನ ಹಿಂಜರಿಕೆಯನ್ನು ಇಲ್ಲೇ ಬಿಟ್ಟುಬಿಡಿ. ಅಲ್ಲಿಯ ಅಂಗಡಿಯವರಿಗೂ ಅರೆಬರೆ ಇಂಗ್ಲಿಷೇ ಬರುವುದು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ದಿನವೂ ಬೆರೆಸಿ ವ್ಯವಹಾರ ಮಾಡುವ ನೀವು ಎರಡು ದಿನದಲ್ಲಿ ದಾರಿ ಮಾಡಿಕೊಳ್ಳುತ್ತೀರಿ. ಬೇಕಾದರೆ ಹೋಗುವ ಮೊದಲು ಇಬ್ಬರೇ ನಾಲ್ಕು ದಿನ ಮದುರೆ, ರಾಮೇಶ್ವರಕ್ಕೆ ಹೋಗಿ ಬನ್ನಿ. ನಿಮ್ಮ ಮೂರೂ ಭಾಷೆ ಅಷ್ಟಾಗಿ ನಡೆಯದ ಊರುಗಳವು. ಬಸ್ಸು ಹುಡುಕುವುದು, ಕೋಣೆ ನೋಡಿ ಬೇಡ ಅನ್ನುವುದು, ಇಬ್ಬರಲ್ಲಿ ಒಬ್ಬರಿಗೆ ಸಿಟ್ಟು ಬಂದಾಗ ಇನ್ನೊಬ್ಬರು ಸುಮ್ಮನಿರುವುದು, ಎಲ್ಲ ಅಲ್ಲೇ ಕಲಿಯಬಹುದು. ಇಬ್ಬರ ಸ್ವಭಾವ ಹೊಂದುತ್ತದೆಯೇ ಎಂಬುದು ಹಣಕ್ಕಿಂತ ದೊಡ್ಡ ಪ್ರಶ್ನೆ.

ಇನ್ನು ಅಪ್ಪಾರು. ಅವರ ಹೆದರಿಕೆಯನ್ನು ಹಳೆಯ ಕಾಲದ ಮಾತು ಎಂದು ತಳ್ಳಬೇಡಿ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆಸಿಕೊಂಡು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಕೂಡುದೊಡ್ಡಿಗಳಲ್ಲಿ ಆನ್‌ಲೈನ್ ಮೋಸ ಮಾಡಿಸುವ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಿಂದಲೂ ಎಚ್ಚರಿಸುತ್ತಿದೆ. 2025ರ ಮಾರ್ಚಿನಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೊಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಅಪ್ಪಾರು ಟಿ.ವಿ.ಯಲ್ಲಿ ನೋಡಿದ್ದು ಸುಳ್ಳಲ್ಲ. ಆದರೆ ಆ ಹುಡುಗರು ಸಿಕ್ಕಿಬಿದ್ದದ್ದು ಕೆಲಸದ ಆಸೆಗೆ. ದಾರಿ ಗೊತ್ತು ಮಾಡಿದವನು ಬೇರೆ, ಹೋದ ಮೇಲೆ ಪಾಸ್‌ಪೋರ್ಟ್ ಸೇರಿದ್ದು ಇನ್ನೊಬ್ಬನ ಕೈಗೆ. ನಿಮ್ಮ ಟಿಕೆಟ್ ನಿಮ್ಮ ಹಣದ್ದು, ಮರಳುವ ದಿನ ಮೊದಲೇ ಬರೆದಿದೆ, ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರುತ್ತದೆ. ಈ ವ್ಯತ್ಯಾಸವನ್ನು ಅವರಿಗೆ ತಾಳ್ಮೆಯಿಂದ ಹೇಳಿ. ಇದೇ ಜಾಲದ ದೆಸೆಯಿಂದ ಮುಂಬೈ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನೂ ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳಬಹುದು. ಮರಳುವ ಟಿಕೆಟ್, ಹೋಟೆಲ್ ಬುಕಿಂಗ್, ಸಂಘದ ರಜೆಯ ಪತ್ರ ಕಾಗದದ ಮೇಲೆ ಇರಲಿ. ಅಲ್ಲಿ ಹೋಟೆಲಿನವರು ನೋಂದಣಿಗೆಂದು ಪಾಸ್‌ಪೋರ್ಟ್ ತೆಗೆದುಕೊಂಡರೆ ಅದೇ ಸಂಜೆ ವಾಪಸು ಕೇಳಿ. ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಲೇಬೇಡಿ. ಸ್ಕೂಟರೇ ಬೇಡ, ಭಾರತ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸು ವಿಯೆಟ್ನಾಂನಲ್ಲಿ ನಡೆಯುವುದಿಲ್ಲ, ಬಿದ್ದರೆ ವಿಮೆಯೂ ಕೈ ಎತ್ತುತ್ತದೆ.

ಅಪ್ಪಾರಿಗೆ ಪಂಢರಪುರದ ದಾರಿಯಲ್ಲಿ ಮುಕ್ಕಾಂ ಎಲ್ಲಿ, ಊಟ ಎಲ್ಲಿ, ಕಾಲು ನೊಂದರೆ ಯಾರಲ್ಲಿಗೆ ಹೋಗಬೇಕು ಎಲ್ಲ ಬಾಯಿಪಾಠ. ನಿಮ್ಮ ಯೋಜನೆಯನ್ನೂ ಅದೇ ರೂಪದಲ್ಲಿ ಅವರ ಮುಂದೆ ಇಡಿ. ಯಾವ ದಿನ ಯಾವ ಊರು, ಯಾವ ಹೋಟೆಲು, ಅದರ ಫೋನ್ ನಂಬರ್, ಹನೋಯಿ ಮತ್ತು ನೋಮ್ ಪೆನ್‌ನ ಭಾರತೀಯ ರಾಯಭಾರ ಕಚೇರಿಗಳ ನಂಬರ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ ಎಂದು ಹೇಳಿ, ಹೇಳಿದಂತೆ ಮಾಡಿ. ಅಲ್ಲಿ ಆಗ ಒಂಬತ್ತೂವರೆ. ಗೆಳತಿಯ ಮನೆಯವರನ್ನೂ ಒಮ್ಮೆ ಕೂಡಿಸಿ ಮಾತಾಡಿಸಿ. ಸುಳ್ಳು ಹೇಳಿ ಹೋಗುವ ಯೋಚನೆ ಎಂದಾದರೂ ಬಂದಿದ್ದರೆ ಅದನ್ನು ಬಿಟ್ಟುಬಿಡಿ. ಅಲ್ಲಿ ಏನಾದರೂ ಆದಾಗ ಮೊದಲು ಫೋನ್ ಮಾಡಬೇಕಾದವರು ಅವರೇ.

ಏಜೆಂಟರ ಪ್ಯಾಕೇಜು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಪ್ಪ ಅವ್ವನನ್ನು ಕಳಿಸುವುದಾದರೆ ಅದೇ ಸರಿ. ಆದರೆ ಪ್ಯಾಕೇಜಿನ ದರದ ಮೇಲೆ ಜಿಎಸ್‌ಟಿ ಬೇರೆ, ಮೂಲದಲ್ಲೇ ಹಿಡಿಯುವ ಟಿಸಿಎಸ್ ಬೇರೆ. ಟಿಸಿಎಸ್ ಹಣ ರಿಟರ್ನ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ, ಆದರೂ ಅಷ್ಟು ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಗುಂಪಿನಲ್ಲಿ ಹೋದರೆ ಮಿ ಸೊನ್‌ನಲ್ಲಿ ನಿಮಗೆ ಬೇಕಾದಷ್ಟು ಹೊತ್ತು ಕೂರುವುದೂ ಆಗದು. ಮದುವೆ ಆದಮೇಲೆ ಹೋಗು ಎಂಬ ಮಾತಿಗೆ ನನ್ನ ಉತ್ತರ ಸರಳ. ದುಡಿದು ಕೂಡಿಸಿದ ಹಣ ನಿಮ್ಮದು, ವಯಸ್ಸು ಮೂವತ್ತು. ಮದುವೆ ಅದರ ಕಾಲಕ್ಕೆ ಆಗಲಿ, ಈ ಪ್ರಯಾಣ ಅದಕ್ಕೆ ಕಾಯಬೇಕಾಗಿಲ್ಲ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ, ಆದರೆ ಹೇಳಿ.

ಕೊನೆಗೆ ಗೆಳತಿಯ ಪಾಸ್‌ಪೋರ್ಟ್. ಬೆಳಗಾವಿಯ ಪ್ರಧಾನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಾಗಲಿ, ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಾಗಲಿ ಆಗುತ್ತದೆ. 36 ಪುಟದ್ದಕ್ಕೆ ₹1,500. ಗಡಿಭಾಗದವರಿಗೆ ತೊಡಕಾಗುವುದು ಹೆಸರಿನಲ್ಲಿ. ಮರಾಠಿ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ ಇರುತ್ತದೆ. ಆಧಾರಿನಲ್ಲಿ ಇನ್ನೊಂದು ರೀತಿ, ಪಾನ್ ಕಾರ್ಡಿನಲ್ಲಿ ಮತ್ತೊಂದು ಸ್ಪೆಲ್ಲಿಂಗು. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಒಂದೇ ರೀತಿ ಮಾಡಿಸಿಕೊಳ್ಳಲಿ, ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ವೀಸಾದಲ್ಲೂ ಟಿಕೆಟಿನಲ್ಲೂ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರಿರಬೇಕು. ನಿಮ್ಮ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ, ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅವಳ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಎಷ್ಟೇ ಅಗ್ಗದ ಟಿಕೆಟ್ ಕಂಡರೂ ಒಂದು ರೂಪಾಯಿ ಕಟ್ಟಬೇಡಿ.